ಮುಳುಗದ ಬಟ್ಟಲು

"ಕೇಳ್ರಪ್ಪೋ ಕೇಳಿ! ಜಯಕೇತು ಮಹಾರಾಜರ ಮಗಳು ಕನಕಾಂಬೆಯವರು ಮೂರು ಒಗಟು ಹೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ರಾಜಕುಮಾರಿಯ ಕೈ, ಜೊತೆಗೆ ಕೇಳಿದ ವರ. ಒಂದು ತಪ್ಪಿದರೂ ಹುಣ್ಣಿಮೆಯ ದಿನ ತಲೆದಂಡ!"

ಡಂಗುರ ಕುಂಬಾರಗೇರಿಗೆ ಬಂದಾಗ ಬೊಮ್ಮಣ್ಣ ತಿಗರಿಯ ಮುಂದೆ ಕೂತು ಗಡಿಗೆ ಎತ್ತುತ್ತಿದ್ದ. ರಾಜಕುಮಾರಿಯ ಕೈ ಅವನಿಗೆ ಬೇಕಿರಲಿಲ್ಲ, ತನ್ನ ತಲೆ ಮಾತ್ರ ಬೇಕಿತ್ತು. ಆದರೆ 'ಕೇಳಿದ ವರ' ಎಂಬ ಮಾತು ಕಿವಿಗೆ ಬಿದ್ದದ್ದೇ ತಿಗರಿ ನಿಲ್ಲಿಸಿ ಎದ್ದ.

ಕಾರಣ ಅವನ ತಂಗಿ ಮಾಳವ್ವ. ಆ ರಾಜ್ಯದಲ್ಲಿ ಹತ್ತು ತುಂಬಿದ ಮಕ್ಕಳೆಲ್ಲ ಒಂದು ಓಲೆಗರಿಯನ್ನು ಗಟ್ಟಿಯಾಗಿ ಓದಿ ತೋರಿಸಬೇಕು. ತಳದಲ್ಲಿ ಸಣ್ಣ ತೂತಿರುವ ಗಳಿಗೆ ಬಟ್ಟಲನ್ನು ನೀರಿನ ಮೇಲೆ ಬಿಡುತ್ತಾರೆ. ಅದು ತುಂಬಿ ಮುಳುಗುವುದರೊಳಗೆ ಓದಿ ಮುಗಿಯದಿದ್ದರೆ ಏಳು ವರ್ಷ ಕಲ್ಲುಗಣಿ. ಮಾಳವ್ವ ಒಮ್ಮೆ ಕೇಳಿದ ಕತೆಯನ್ನು ಒಂದು ಸೊಲ್ಲೂ ಬಿಡದೆ ಹೇಳುವ ಜಾಣೆ. ಆದರೆ ಓಲೆ ಹಿಡಿದರೆ ಸಾಕು, ಅಕ್ಷರಗಳು ಅವಳ ಕಣ್ಣೆದುರು ಅದಲುಬದಲಾಗಿ ಕುಣಿಯುತ್ತಿದ್ದವು. ಎರಡನೆಯ ಸಾಲಿಗೇ ಬಟ್ಟಲು ಮುಳುಗಿತ್ತು. ಬರುವ ಸೋಮವಾರ ಅವಳನ್ನು ಒಯ್ಯಲು ಗಣಿಯ ಗಾಡಿ ಬರಲಿತ್ತು. ಬೊಮ್ಮಣ್ಣನೂ ಇದೇ ತಪ್ಪಿಗೆ ಏಳು ವರ್ಷ ಕಲ್ಲು ಒಡೆದು ಬಂದವನು. ಎಳೆಯ ಕೈಗಳು ಅಲ್ಲಿ ಏನಾಗುತ್ತವೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅರಮನೆಯ ಬಾಗಿಲಲ್ಲಿ ಪ್ರಧಾನಿ ಓಲೆ ಚಾಚಿ, "ಹೆಸರು ಬರೆ" ಎಂದ. ಬೊಮ್ಮಣ್ಣ ಮಣ್ಣಿನ ಹೆಬ್ಬೆಟ್ಟು ಒತ್ತಿದ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!" ಎಂದು ಪ್ರಧಾನಿ ನಕ್ಕ.

ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ಒಳಗಿನ ಮಾತು ಹೊರಗೆ ಕೇಳದು. ಎಷ್ಟನೆಯ ಒಗಟಿಗೆ ತಪ್ಪಿದರೋ ಅಷ್ಟು ಸಲ ನಗಾರಿ ಬಾರಿಸುತ್ತಿದ್ದರು. ನೆರೆನಾಡಿನ ರಾಜಕುಮಾರ ಒಳಗೆ ಹೋದ. ನಗಾರಿ ಒಂದು ಸಲ ಗುಡುಗಿತು. ಸೇನಾಪತಿ ಹೋದ, ಎರಡು ಸಲ. ಹೊರೆಗಟ್ಟಲೆ ಓಲೆ ಓದಿದ್ದ ಪಂಡಿತ ಹೋದ. ಬಹಳ ಹೊತ್ತು ಸದ್ದಿಲ್ಲ. ಕೊನೆಗೆ ಮೂರು ಸಲ. ಬೊಮ್ಮಣ್ಣ ಮಾಳವ್ವನನ್ನು ನೆನೆದು ಪ್ರಧಾನಿಯ ಹಿಂದೆ ಒಳಗೆ ಕಾಲಿಟ್ಟ.

ತುಂಬಿದ ಸಭೆಯಲ್ಲಿ ರಾಜನ ಪಕ್ಕದಲ್ಲಿ ಕೂತಿದ್ದ ಕನಕಾಂಬೆ ಮೊದಲ ಒಗಟು ಹೇಳಿದಳು. "ಮೈತುಂಬ ತೂತು. ನೀರು ಸೋರಿದರೆ ಒಳ್ಳೆಯದು, ನಿಂತರೆ ಕೆಟ್ಟದ್ದು. ಆದರೂ ಅದಿಲ್ಲದೆ ಮದುವೆ ಮನೆಯಲ್ಲಿ ಎಲೆ ಹಾಕುವಂತಿಲ್ಲ. ಏನದು?"

ಅಡುಗೆಮನೆಯ ಹೊಸ್ತಿಲು ದಾಟದ ರಾಜಕುಮಾರ ಇದಕ್ಕೇ 'ಒಡೆದ ಕೊಡ' ಎಂದು ಸಿಕ್ಕಿಬಿದ್ದಿದ್ದ.

"ಅನ್ನ ಬಸಿಯೋ ತೂತಿನ ಗಡಿಗೆ, ಅಮ್ಮಣ್ಣಿ," ಎಂದ ಬೊಮ್ಮಣ್ಣ. "ನಾನೇ ಮಾಡ್ತೀನಿ. ನೀರು ತುಂಬಿ ಪರೀಕ್ಷೆ ಮಾಡಿದ್ರೆ ಅದು ದಂಡದ ಗಡಿಗೆ. ಅನ್ನ ಬಸಿದು ನೋಡಿದ್ರೆ ಅದಕ್ಕೆ ಸಾಟಿ ಇಲ್ಲ."

ರಾಜಕುಮಾರಿ ನೆಟ್ಟಗೆ ಕೂತಳು. "ಎರಡನೆಯದು. ಅದಕ್ಕೆ ಕೋರೆಯಿಲ್ಲ, ಕೊಂಬಿಲ್ಲ. ಆದರೂ ಮಕ್ಕಳು ಕಂಡು ನಡುಗುತ್ತಾರೆ. ತಾನೂ ಮುಳುಗುತ್ತದೆ, ದಡದಲ್ಲಿ ಕೂತವರನ್ನೂ ಮುಳುಗಿಸುತ್ತದೆ."

ಸೇನಾಪತಿ ಇದಕ್ಕೆ 'ಮೊಸಳೆ' ಎಂದಿದ್ದನಂತೆ. ಬೊಮ್ಮಣ್ಣನಿಗೆ ಯೋಚಿಸಬೇಕಾಗಲೇ ಇಲ್ಲ. "ಗಳಿಗೆ ಬಟ್ಟಲು, ಅಮ್ಮಣ್ಣಿ. ಮೊನ್ನೆ ನನ್ನ ತಂಗೀನ ಮುಳುಗಿಸ್ತು."

ರಾಜ ಹುಬ್ಬು ಗಂಟಿಕ್ಕಿದ. ಕನಕಾಂಬೆಯ ದನಿ ಸಣ್ಣಗಾಯಿತು. "ಮೂರನೆಯದು. ಒಂದು ಸೇನೆಯಿದೆ. ಎಲ್ಲರೆದುರು ಸಾಲಾಗಿ ನಿಲ್ಲುತ್ತದೆ. ಕೆಲವರನ್ನು ಕಂಡರೆ ಮಾತ್ರ ದಿಕ್ಕಾಪಾಲು. ಮುಂದಿನವನು ಹಿಂದೆ, ಹಿಂದಿನವನು ಮುಂದೆ. ಹಿಡಿದು ನೋಡಿದರೆ ಒಂದಕ್ಕೂ ಕಾಲಿಲ್ಲ."

'ಮೋಡ' ಎಂದು ಪಂಡಿತ ಸೋತದ್ದು ಇಲ್ಲಿಯೇ. ಬೊಮ್ಮಣ್ಣನಿಗೆ ಉತ್ತರ ಗೊತ್ತಿತ್ತು. ಆದರೆ ಇಂಥ ಒಗಟನ್ನು ಅದನ್ನು ಅನುಭವಿಸಿದವರಲ್ಲದೆ ಬೇರೆಯವರು ಕಟ್ಟಲಾರರು. ಹೇಳಿದರೆ ರಾಜಕುಮಾರಿಯ ಗುಟ್ಟು ರಟ್ಟು. ಅವಳಿಗೂ ಗಣಿಯೇ ಗತಿ. ಹೇಳದಿದ್ದರೆ ತನ್ನ ತಲೆ ಹೋಯಿತು, ಮಾಳವ್ವ ಗಾಡಿ ಹತ್ತಿದಳು.

ಪ್ರಧಾನಿ ನಗಾರಿಯವನಿಗೆ ಕೈ ಎತ್ತಿದ.

"ಗೊತ್ತು, ಅಮ್ಮಣ್ಣಿ. ನೀವು ಹೇಳು ಅಂದ್ರೆ ಮಾತ್ರ ಹೇಳ್ತೀನಿ," ಎಂದ ಬೊಮ್ಮಣ್ಣ.

ಕನಕಾಂಬೆಯ ಕಣ್ಣು ತುಂಬಿ ಬಂತು. ಎಂಥ ಮನುಷ್ಯ! ತಲೆಯ ಮೇಲೆ ಕತ್ತಿ ತೂಗುತ್ತಿರುವಾಗ ಇನ್ನೊಬ್ಬರ ಮಾನ ಕಾಯುತ್ತಿದ್ದಾನೆ. "ಹೇಳು. ಇದನ್ನು ಹೇಳುವವರು ಯಾರಾದರೂ ಬರಲಿ ಎಂದೇ ನಾನು ಇಷ್ಟು ದಿನ ಕಾದದ್ದು."

"ಓಲೆ ಮೇಲಿನ ಅಕ್ಷರ."

"ಅಕ್ಷರ ಓಡುತ್ತದೆಯೇ? ಹುಚ್ಚ!" ಎಂದು ಪ್ರಧಾನಿ ಕಿರುಚಿದ.

"ಓಡುತ್ತದೆ," ಎಂದು ರಾಜಕುಮಾರಿ ಎದ್ದು ನಿಂತಳು. "ನನ್ನೆದುರು ಇವತ್ತಿಗೂ ಓಡುತ್ತದೆ. ಅಪ್ಪಾಜಿ, ಹತ್ತನೆಯ ವಯಸ್ಸಿಗೆ ನಾನು ಓದಲಿಲ್ಲ. ದಾದಿ ಹೇಳಿಕೊಟ್ಟದ್ದನ್ನು ಬಾಯಿಪಾಠ ಒಪ್ಪಿಸಿದೆ. ನಡುವೆ ಮರೆತು ಎರಡು ಸಲ ಮೊದಲಿಂದ ಶುರುಮಾಡಿದೆ. ಆದರೂ ನನ್ನ ಬಟ್ಟಲು ಮುಳುಗಲಿಲ್ಲ. ಅದರ ತೂತಿಗೆ ನಿಮ್ಮ ಪ್ರಧಾನಿಗಳು ಮೇಣ ಮೆತ್ತಿದ್ದರು."

ಪ್ರಧಾನಿ ನೆಲ ನೋಡಿದ. ಇಂಥ ಒಗಟು ಕಟ್ಟಿದ ಮಗಳನ್ನು ದಡ್ಡಿ ಎನ್ನಲು ರಾಜನಿಗೆ ನಾಲಿಗೆ ಹೊರಳಲಿಲ್ಲ. ಅವನು ಬೊಮ್ಮಣ್ಣನತ್ತ ತಿರುಗಿ, "ಗೆದ್ದೆ, ಕುಂಬಾರ. ವರ ಕೇಳು" ಎಂದ.

"ಹೆಚ್ಚಿಗೆ ಏನಿಲ್ಲ ಬುದ್ಧಿ. ಅಮ್ಮಣ್ಣಿಯವರ ಬಟ್ಟಲಿಗೆ ಮೆತ್ತಿದ ಮೇಣಾನ ನಮ್ಮ ಮಕ್ಕಳ ಬಟ್ಟಲಿಗೂ ಮೆತ್ತಿಸಿ."

ರಾಜ ತಲೆತಗ್ಗಿಸಿದ. ಪ್ರಧಾನಿಯನ್ನು ಕರೆದು, ರಾಜ್ಯದ ಬಟ್ಟಲುಗಳಿಗೆಲ್ಲ ಅವನ ಕೈಯಿಂದಲೇ ಮೇಣ ಮೆತ್ತಿಸಿದ. ತಲೆದಂಡಕ್ಕೆ ಕಾದಿದ್ದವರೆಲ್ಲ ತಲೆ ಸಮೇತ ಮನೆ ಸೇರಿದರು. ಮದುವೆಯ ಮಾತು ಬಂದಾಗ ಬೊಮ್ಮಣ್ಣ, "ಕೈ ಅಮ್ಮಣ್ಣಿಯವರದು. ಕೊಡೋದು ಬಿಡೋದು ಅವರಿಷ್ಟ" ಎಂದ. "ಮೊದಲು ತಿಗರಿ ತಿರುಗಿಸಲು ಕಲಿಸು, ಆಮೇಲೆ ನೋಡೋಣ" ಎಂದು ಅವಳು ನಕ್ಕಳು. ನೋಡಿದ್ದು ಒಳ್ಳೆಯದೇ ಆಯಿತು. ಮುಂದಿನ ಸುಗ್ಗಿಗೆ ಮದುವೆಯ ಓಲಗ ಊದಿದರು.

ಅದಕ್ಕೂ ಮೊದಲು, ಆ ಸೋಮವಾರ ಗಣಿಯ ಗಾಡಿ ಬಂದೇ ಬಂತು, ಗಣಿಯಿಂದ ಬಿಡಿಸಿದ ಮಕ್ಕಳನ್ನೆಲ್ಲ ತುಂಬಿಕೊಂಡು. ಅಂದೇ ಮಾಳವ್ವ ಮತ್ತೆ ಓಲೆ ಹಿಡಿದಳು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ತಡವರಿಸಿ, ಹಿಂದೆ ಹೋಗಿ, ಮುಂದೆ ಬಂದು, ಬೆಳಗ್ಗೆ ಶುರುಮಾಡಿದವಳು ಮಧ್ಯಾಹ್ನಕ್ಕೆ ಮುಗಿಸಿದಳು. ಬಟ್ಟಲು ನೀರಿನ ಮೇಲೆ ಹಾಯಾಗಿ ತೇಲುತ್ತಿತ್ತು. ಅವಳ ಹಿಂದೆ ಸಾಲಿನಲ್ಲಿ ಕನಕಾಂಬೆ ಓಲೆ ಹಿಡಿದು ತನ್ನ ಸರದಿಗೆ ಕಾಯುತ್ತಿದ್ದಳು.