ಕೊನೇ ಪಂಕ್ತಿಯವರು ಎಲೆಯನ್ನೇ ಉಂಡದ್ದು

ಬಾಯಿಲ್ಲ, ಉಣ್ಣುತ್ತೆ. ಕೈಯಿಲ್ಲ, ಎಲೆ ಎತ್ತುತ್ತೆ. ಉಂಡದ್ದನ್ನು ಅಡುಗೆಯವಳ ಪಾತ್ರೆಗೇ ವಾಪಸ್ ಸುರಿಯುತ್ತೆ. ಯಾರು ಹೇಳಿ? ಬಿಡಿ, ತಲೆ ಕೆರೆದುಕೊಂಡರೆ ಕೂದಲು ಉದುರುತ್ತೆ, ಅಷ್ಟೆ.

ಲೋಕದ ಸುಣ್ಣಬಣ್ಣ ಇನ್ನೂ ಒಣಗಿರದ ಕಾಲ. ಆಗ ಏನೂ ಕೊಳೆಯುತ್ತಿರಲಿಲ್ಲ. ನೆಲಜ್ಜಿ ತನ್ನ ಪಾತ್ರೆಯ ಸಾರವನ್ನು ಬೇರುಗಳಿಗೆ ಬಡಿಸುವಳು. ಮರ ಬೆಳೆಯುವುದು, ಜಿಂಕೆ ಮೇಯುವುದು. ಉದುರಿದ ಎಲೆ ಬಿದ್ದಲ್ಲೇ. ಸತ್ತ ಜಿಂಕೆಯೂ ಬಿದ್ದಲ್ಲೇ. ಎಲ್ಲಾ ಅಜ್ಜಿಯ ಬೆನ್ನ ಮೇಲೆ.

ಬಡಿಸಿ ಬಡಿಸಿ ಸುಸ್ತು. ಹೊತ್ತು ಹೊತ್ತು ಸುಸ್ತು. ಒಂದು ದಿನ ಸೌಟು ಹಾಕಿದರೆ ಪಾತ್ರೆಯ ತಳ ಕೆರೆಯಿತು. ಮಡಿಲಲ್ಲಿ ಆಗಷ್ಟೇ ಕಣ್ಣುಬಿಟ್ಟ ಹಲಸಿನ ಮೊಳಕೆ, "ಅಜ್ಜೀ, ಹಸಿವು" ಅಂತ ಬಾಡುತ್ತಿತ್ತು.

"ಉಂಡವರು ಎಲೆ ಎತ್ರಪ್ಪಾ! ನನ್ನ ಸಾರವೆಲ್ಲ ಆ ರಾಶಿಯಲ್ಲೇ ಒಣಗಿ ಕೂತಿದೆ. ಈ ಕೂಸು ಸಾಯುತ್ತೆ."

"ಎಂಜಲೆಲೆ ಎತ್ತೋದಾ? ನಾನಾ?" ಆನೆ ಸೊಂಡಿಲು ತಿರುಗಿಸಿತು.

ಗಾಳಿಯಪ್ಪ ಎತ್ತಿದ. ಈ ಮೂಲೆಯದನ್ನು ಆ ಮೂಲೆಗೆ ಒಗೆದು, "ಆಯ್ತು ನೋಡಜ್ಜಿ" ಅಂದ. ಬೈಯೋಕೂ ಅಜ್ಜಿಗೆ ತ್ರಾಣವಿರಲಿಲ್ಲ.

ಅಷ್ಟರಲ್ಲಿ ಗೆದ್ದಲು, ಎರೆಹುಳು, ಅಣಬೆ ಬಂದವು. ಅದುವರೆಗೆ ಅವನ್ನು ಯಾರೂ ಊಟಕ್ಕೆ ಕರೆದಿರಲಿಲ್ಲ.

"ಅಜ್ಜೀ, ಊಟ ಮುಗಿದುಹೋಯ್ತಾ?"

ಬಂದವರಿಗೆ ಇಲ್ಲ ಅನ್ನೋದು ಹೇಗೆ? "ಎಲೆ ಹಾಕಿದೆ, ಕೂತ್ಕೊಳ್ಳಿ" ಅಂದುಬಿಟ್ಟಳು, ಸ್ವಲ್ಪ ಹೊತ್ತು ತಳ್ಳೋಣ ಅಂತ.

ಕೂತವು. ಕಾದವು. ಏನೂ ಬರಲಿಲ್ಲ. ಪಾಪ, ಪಂಕ್ತಿ ಊಟ ಕಂಡವಲ್ಲ.

"ಏ, ಇದೇ ಊಟ ಕಣ್ರೋ!" ಗೆದ್ದಲು ಎಲೆಯನ್ನೇ ಕಚ್ಚಿತು. "ಗರಿಗರಿ ಇದೆ. ಹಪ್ಪಳ!"

ಎರೆಹುಳು ಒದ್ದೆ ಅಂಚು ಹಿಡಿಯಿತು. ಬಾಯಿಯೇ ಇಲ್ಲದ ಅಣಬೆ ಬಿಳಿ ನೂಲು ಬಿಟ್ಟು ಹೀರತೊಡಗಿತು. ಆಮೇಲೆ ಸತ್ತ ಜಿಂಕೆಯ ಕಡೆ ನೋಡಿ, "ಅದೇನಜ್ಜಿ, ಸಿಹಿನಾ?"

"ನಾಚ್ಕೋಬೇಡಿ, ಹಾಕ್ಕೊಳ್ಳಿ" ಅಂದಳು ಅಜ್ಜಿ, ನಗು ತಡೆದುಕೊಂಡು.

ರಾಶಿ ಕರಗುತ್ತ ಬಂತು. ಅವು ಉಂಡು ಬಿಟ್ಟದ್ದು ಕಪ್ಪಗೆ, ಮೆತ್ತಗೆ ಇತ್ತು. ಮುಟ್ಟಿದರೆ ಸಾರವೋ ಸಾರ! ಅಜ್ಜಿ ಒಂದು ಸೌಟು ಬಡಿಸಿದಳು. ಬಾಡಿದ್ದ ಮೊಳಕೆ ಕತ್ತೆತ್ತಿತು.

"ನಾವಿನ್ನು ಏಳೋಣ್ವಾ ಅಜ್ಜಿ?"

"ಏಳೋ ಮಾತೇ ಬೇಡ, ಇಲ್ಲೇ ಕೂತಿರಿ!"

ಅದಕ್ಕೇ ಇವತ್ತಿಗೂ ಒದ್ದೆ ತರಗೆಲೆ ಎತ್ತಿ ನೋಡಿದರೆ ಅಡಿಯಲ್ಲಿ ಬಿಳಿ ನೂಲು, ಹುಳು, ಕಪ್ಪು ಮಣ್ಣು. ಪಂಕ್ತಿ ಇನ್ನೂ ಎದ್ದಿಲ್ಲ. ಅಜ್ಜಿ ಮಾತ್ರ ಅವತ್ತೇ ಸೌಟು ಕೆಳಗಿಟ್ಟು, ಕಾಲು ಚಾಚಿ, ಸುಖವಾಗಿ ನಿದ್ದೆ ಹೋದಳು.

ಆ ನಿದ್ದೆ ನಾನು ಕಟ್ಟಿದ್ದು. ಅವಳಿಗೆಲ್ಲಿ ಬಿಡುವು? ಕಥೆಯಲ್ಲಾದರೂ ಸ್ವಲ್ಪ ಮಲಗಲಿ ಅಂತ.