ಹೆಗ್ಗಣದ ಹಿತ್ತಿಲ ಮನೆ

ಹೆಗ್ಗಣವೊಂದು ತನ್ನ ಬಿಲದ ಹಿತ್ತಿಲಲ್ಲಿ ಅತ್ತೆಗೆಂದು ಒಂಟಿ ಕೋಣೆಯ ಮನೆ ಕಟ್ಟಿತು. ಹೊಸ ಮನೆಯೊಳಗೆ ಬಿಸಿಲ ಝಳ ನುಗ್ಗಬಾರದು, ಒಳಗಿನ ತಂಪು ಸೋರಬಾರದು ಎಂಬುದು ಅಲ್ಲಿಯ ಕಾನೂನು. ತಪಾಸಣೆಗೆ ಬಂದ ಇರುವೆ ರುಜು ಹಾಕದೆ ಯಾರೂ ವಾಸಕ್ಕೆ ಬರುವಂತಿರಲಿಲ್ಲ.

"ಒಳಗೆ ಬಂದು ನೋಡಬೇಕಲ್ಲ," ಎಂದಿತು ಇರುವೆ.

"ನೀವು ನೋಡುವುದು ಏನನ್ನು ಅಂತ ನನಗೆ ಗೊತ್ತು. ಒಳಗೆ ಬೆಲ್ಲ ಇದೆ ಅಂತ ಯಾರು ಹೇಳಿದರು? ಗೋಡೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಹೊರಗಿನಿಂದಲೇ ರುಜು ಹಾಕಿ."

ಹೆಗ್ಗಣ ಒಳಸೇರಿ ಬಾಗಿಲು ಹಾಕಿತು. ಬಾಗಿಲ ಸಂದಿಗೆಲ್ಲ ಮಣ್ಣು ಮೆತ್ತಿ, ಅದರತ್ತಲೇ ಕಣ್ಣು ನೆಟ್ಟು ಕಾವಲು ಕೂತಿತು.

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ, ಬೆಲ್ಲದ ಪಕ್ಕದಿಂದ ದನಿ ಕೇಳಿಸಿತು.

"ಬೆಲ್ಲ ನಿಮಗೇ ಇರಲಿ, ಸ್ವಾಮಿ. ಹಿಂದಿನ ಗೋಡೆ ಇನ್ನೊಮ್ಮೆ ಮೆತ್ತಿ. ನಾನು ಬಂದ ದಾರಿಯಲ್ಲೇ ಝಳವೂ ಬರುತ್ತದೆ."