ಕೊಟ್ರಮ್ಮನ ಬಲಗಣ್ಣು

ಒಂದು ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ್ ವಸುಂಧರಾ ಎಂಬ ಗುರು, ಇಂದುಧರ ಎಂಬ ಶಿಷ್ಯ ಇದ್ದರು. ಹೃದಯದ ಪ್ರತಿ ಬಡಿತಕ್ಕೂ ಕಣ್ಣಿನೊಳಗಿನ ರಕ್ತನಾಳ ಹೇಗೆ ಮಿಡಿಯುತ್ತದೆ ಎಂಬುದು ಅವರ ಅಧ್ಯಯನ. ಒಂದು ಯಂತ್ರ ಎರಡನ್ನೂ ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತಿತ್ತು. ಮೇಲಿನದು ಹೃದಯ, ಕೆಳಗಿನದು ಕಣ್ಣು.

ಪ್ರತಿ ಸೋಮವಾರ ಯಂತ್ರವನ್ನು ಮೊದಲು ಕೊಟ್ರಮ್ಮನ ಬಲಗಣ್ಣಿನಲ್ಲಿ ಪರೀಕ್ಷಿಸುತ್ತಿದ್ದರು. ಕೊಟ್ರಮ್ಮ ಅಲ್ಲೇ ಕಸ ಗುಡಿಸುವಾಕೆ. ಎರಡು ವರ್ಷದಲ್ಲಿ ಅವಳ ಗೆರೆ ಒಮ್ಮೆಯೂ ತಪ್ಪಿರಲಿಲ್ಲ. "ಅವಳ ಕಣ್ಣಲ್ಲಿ ಗೆರೆ ಸರಿಯಾಗಿ ಬರುವವರೆಗೆ ಬೇರೆ ಯಾರನ್ನೂ ಕೂರಿಸಬೇಡ" ಎಂಬುದು ಗುರುವಿನ ನಿಯಮ.

ಒಂದು ಸೋಮವಾರ ಮೇಲಿನ ಗೆರೆ ಎಂದಿನಂತೆ ಏಳುತ್ತಾ ಬೀಳುತ್ತಾ ಇತ್ತು. ಕೆಳಗಿನದು ಚಪ್ಪಟೆಯಾಗಿತ್ತು.

"ಮಿಷನ್ ಕೆಟ್ಟಿದೆ" ಎಂದ ಇಂದುಧರ.

"ನನ್ನ ಮುಖ ನೋಡಿ ನೋಡಿ ಅದಕ್ಕೂ ಬ್ಯಾಸರ ಆಗೈತಿ ಬಿಡ್ರಿ ಸರ್" ಎಂದು ಕೊಟ್ರಮ್ಮ ನಕ್ಕಳು. ಎದ್ದು ಪೊರಕೆಗೆ ಬಗ್ಗಿದವಳು ಗೋಡೆ ಹಿಡಿದುಕೊಂಡಳು. "ಬಗ್ಗಿದ್ರ ಕಣ್ಣಿಗೆ ಕತ್ತಲೆ ಬರ್ತೈತಿ. ತಲೆನೂ ಒಂದೇ ಸಮ ನೋಯ್ತೈತಿ."

"ಬಿಸಿಲು ಜಾಸ್ತಿ. ನೀರು ಕುಡೀರಿ."

ಇಂದುಧರ ತಲೆ ಎತ್ತಲಿಲ್ಲ. ಯಂತ್ರದ ಸ್ಕ್ರೂ ಬಿಚ್ಚುತ್ತಿದ್ದ.

ಲೆನ್ಸ್ ಒರೆಸಿದ. ಕೇಬಲ್ ಬದಲಿಸಿದ. ನಿಯಮದಂತೆ ಬೇರೆ ಯಾರನ್ನೂ ಕೂರಿಸಲಿಲ್ಲ. ಮುಂದಿನ ಸೋಮವಾರವೂ ಗೆರೆ ಚಪ್ಪಟೆ. ಯಂತ್ರ ರಿಪೇರಿಗೆ ಹೋಯಿತು.

ಏಳು ವಾರಗಳ ಮೇಲೆ ಮೆಕ್ಯಾನಿಕ್ ಅದನ್ನು ತಂದ. "ಇದಕ್ಕೆ ಏನೂ ಆಗಿರಲಿಲ್ಲ ಸರ್" ಎಂದು ತನ್ನದೇ ಕಣ್ಣಿಟ್ಟು ತೋರಿಸಿದ. ಎರಡೂ ಗೆರೆಗಳು ಒಟ್ಟಿಗೆ ಮಿಡಿದವು.

ಇಂದುಧರ ಕೊಟ್ರಮ್ಮನ ದಾಖಲೆ ತೆಗೆದು ಗುರುವಿನ ಮುಂದಿಟ್ಟ. ಅವರು ಚಪ್ಪಟೆ ಗೆರೆಯ ಮೇಲೆ ಬೆರಳಿಟ್ಟರು.

"ತಲೆಯೊಳಗೆ ಒತ್ತಡ ಏರಿದರೆ ಈ ನಾಳದ ಮಿಡಿತ ನಿಲ್ಲುತ್ತದೆ. ಹಾಗೇ ಬಿಟ್ಟರೆ ದೃಷ್ಟಿಯೇ ಹೋಗುತ್ತದೆ. ಅವಳೆಲ್ಲಿ?"

ಹತ್ತು ದಿನದಿಂದ ಅವಳು ಕೆಲಸಕ್ಕೆ ಬಂದಿರಲಿಲ್ಲ. ಯಾರೂ ಏಕೆಂದು ಕೇಳಿರಲಿಲ್ಲ.

ಇಬ್ಬರೂ ಅವಳ ಮನೆಗೆ ಹೋದರು. ಕೊಟ್ರಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಗುರು ಅವಳ ಎರಡೂ ಕಣ್ಣಿಗೆ ಟಾರ್ಚ್ ಹಿಡಿದರು. ಅವಳು ರೆಪ್ಪೆ ಬಡಿಯಲಿಲ್ಲ.

"ಮೊದಲೇ ಬಂದಿದ್ದರೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಅವಳು ಬಂದಿದ್ದಳು. ಅವರೇ ಕರೆದು ಕೂರಿಸಿದ್ದರು.

"ಕೊಟ್ರಮ್ಮ" ಎಂದ ಇಂದುಧರ.

ಅವಳು ಧ್ವನಿ ಬಂದ ಕಡೆ ಮುಖ ತಿರುಗಿಸಿದಳು. "ಸರ್, ಬಂದ್ರಾ? ಮಿಷನ್ ರಿಪೇರಿ ಆತೇನ್ರಿ?"

ನೀತಿ: ನಾವು ಅಳತೆಗೋಲು ಮಾಡಿಕೊಂಡವರೂ ಮನುಷ್ಯರೇ. ಅಳತೆ ತಪ್ಪಿದಾಗ ಯಂತ್ರವನ್ನು ಬಿಚ್ಚುವ ಮೊದಲು ಎದುರಿಗೆ ಕೂತವರ ಮಾತು ಕೇಳಿ. ತಡವಾಗಿ ತಿಳಿದ ಸತ್ಯ ಯಾರ ಕಣ್ಣನ್ನೂ ಮರಳಿ ಕೊಡುವುದಿಲ್ಲ.